ಹನ್ನೊಂದು ಸೂಜಿಗಳು: ಧಾರವಾಡದ ಕೌದಿ ಶೆಡ್ಡಿನ ಲಾಂಗ್‌ಆರ್ಮ್ ಮಷಿನ್ ಪ್ರಕರಣ

ಧಾರವಾಡದಲ್ಲಿ ಕೆಲಗೇರಿ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಮನೆ. ಅದರ ಹಿತ್ತಲಿನ ಶೆಡ್ಡಿನಲ್ಲಿ ಆರು ಜನ ಹೆಣ್ಣುಮಕ್ಕಳು ಕೌದಿ ಹೊಲಿಯುತ್ತಾರೆ. ಮೊದಲು ಎಲ್ಲ ಕೈ ಹೊಲಿಗೆಯೇ ಇತ್ತು. ಬೇಡಿಕೆ ಜಾಸ್ತಿ ಆದ ಮೇಲೆ ಬೆಂಗಳೂರಿನಿಂದ ಒಂದು ಹಳೆಯ ಲಾಂಗ್‌ಆರ್ಮ್ ಕ್ವಿಲ್ಟಿಂಗ್ ಮಷಿನ್ ತಂದರು. ಹತ್ತು ಅಡಿ ಉದ್ದದ ಫ್ರೇಮ್, ಹದಿನೆಂಟು ಇಂಚಿನ ತೋಳು. ನಾನು ಹುಬ್ಬಳ್ಳಿಯಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡುವವನು. ಈ ಮಷಿನ್ ಜೋಡಿಸಿ ಕೊಟ್ಟವನೂ ನಾನೇ. ಹಾಗಾಗಿ ಸೂಜಿ ಮುರಿಯಲು ಶುರುವಾದಾಗ ಫೋನ್ ಬಂದದ್ದೂ ನನಗೇ.

ಸುಮಾರು ಒಂದು ತಿಂಗಳಲ್ಲಿ ಹನ್ನೊಂದು ಸೂಜಿ ಹಾಳಾದವು. ಅದರಲ್ಲಿ ಮೂರಕ್ಕೆ ನನ್ನ ರಿಪೇರಿಯೇ ಕಾರಣ. ಇದನ್ನು ಬರೆಯುವುದಕ್ಕೆ ಅದೇ ಮುಖ್ಯ ಕಾರಣ. ನಮ್ಮ ಕಡೆ ಈಗ ಇಂಥ ಮಷಿನ್ ಒಂದೊಂದೇ ಬರುತ್ತಿವೆ. ಸೂಜಿ ಮುರಿದ ತಕ್ಷಣ ಎಲ್ಲರ ಬಾಯಿಗೂ ಮೊದಲು ಬರುವ ಮಾತು "ಟೈಮಿಂಗ್ ಹೋಗಿದೆ". ಅಂದರೆ ಸೂಜಿಗೂ, ಕೆಳಗೆ ತಿರುಗುತ್ತಾ ದಾರ ಹಿಡಿಯುವ ಹುಕ್ಕಿಗೂ ಇರಬೇಕಾದ ಹೊಂದಾಣಿಕೆ ತಪ್ಪಿದೆ ಅಂತ. ನಾನೂ ಅದನ್ನೇ ಹೇಳಿದೆ, ಅದನ್ನೇ ಮುಟ್ಟಿದೆ. ಆದರೆ ಏನಾಗಿದೆ ಎಂಬುದು ಆ ಮುರಿದ ಸೂಜಿಗಳ ಮೇಲೆಯೇ ಬರೆದಿತ್ತು.

ಮಷಿನ್ ಹೇಗೆ ಬೇರೆ

ನಮ್ಮ ಮನೆಯ ಮಷಿನ್‌ನಲ್ಲಿ ಬಟ್ಟೆ ಸರಿಯುತ್ತದೆ, ಸೂಜಿ ನಿಂತ ಜಾಗದಲ್ಲೇ ಏರಿಳಿಯುತ್ತದೆ. ಹಲ್ಲು ಬಟ್ಟೆಯನ್ನು ತಳ್ಳುವುದು ಸೂಜಿ ಮೇಲೆ ಇದ್ದಾಗ ಮಾತ್ರ. ಲಾಂಗ್‌ಆರ್ಮ್‌ನಲ್ಲಿ ಇದು ಪೂರ್ತಿ ಉಲ್ಟಾ. ಬಟ್ಟೆಯನ್ನು ರೋಲರ್‌ಗಳಿಗೆ ಸುತ್ತಿ ಫ್ರೇಮಿಗೆ ಕಟ್ಟಿರುತ್ತಾರೆ. ಹೊಲಿಯುವವರು ಎರಡೂ ಹಿಡಿಕೆ ಹಿಡಿದು ಇಡೀ ಮಷಿನನ್ನೇ ಗಾಲಿಯ ಮೇಲೆ ಓಡಿಸುತ್ತಾರೆ. ಹಲ್ಲು ಇಲ್ಲ. ಯಾವ ದಿಕ್ಕಿಗೆ ಬೇಕಾದರೂ ಹೋಗಬಹುದು. ಹೂವು, ಬಳ್ಳಿ, ಸುರುಳಿ ಎಲ್ಲ ಹಾಗೆಯೇ ಬರುವುದು.

ಈ ಅನುಕೂಲದಲ್ಲಿಯೇ ಸೂಜಿಯ ಕಷ್ಟವೂ ಇದೆ. ಮಷಿನ್ ಎಲ್ಲೂ ನಿಲ್ಲುವುದಿಲ್ಲ. ಸೂಜಿ ಬಟ್ಟೆಯ ಒಳಗೆ ಇರುವ ಆ ಒಂದು ಕ್ಷಣದಲ್ಲೂ ಅದು ಸರಿಯುತ್ತಲೇ ಇರುತ್ತದೆ. ನಿಮಿಷಕ್ಕೆ 1500 ಹೊಲಿಗೆ ಅಂದರೆ ಸೆಕೆಂಡಿಗೆ 25 ಸಲ ಸೂಜಿ ಒಳಗೆ ಹೋಗಿ ಬರುತ್ತದೆ. ಪ್ರತಿ ಸಲವೂ ಬಟ್ಟೆ ಅದನ್ನು ಕೊಂಚ ಬಗ್ಗಿಸುತ್ತದೆ. ಒಳ್ಳೆಯ ಸೂಜಿ ಬಗ್ಗಿ, ಮೇಲೆ ಬರುವಾಗ ಮತ್ತೆ ನೆಟ್ಟಗಾಗುತ್ತದೆ. ಎಷ್ಟು ಬಗ್ಗುತ್ತದೆ, ಯಾವ ಕಡೆಗೆ ಬಗ್ಗುತ್ತದೆ ಎನ್ನುವುದರ ಮೇಲೆ ಅದರ ಆಯಸ್ಸು ನಿಂತಿದೆ.

ಈ ಮಷಿನ್‌ನಲ್ಲಿ ದಾರ ಪೋಣಿಸುವುದು ಮುಂದಿನಿಂದ ಹಿಂದಕ್ಕೆ. ಸೂಜಿಯ ಮುಂಭಾಗದಲ್ಲಿ ದಾರ ಕೂರುವ ಉದ್ದನೆಯ ಕಾಲುವೆ. ಹಿಂಭಾಗದಲ್ಲಿ ಕಣ್ಣಿನ ಸ್ವಲ್ಪ ಮೇಲೆ ಚಮಚದಿಂದ ಕೆರೆದಂಥ ಒಂದು ತಗ್ಗು. ಹುಕ್ಕಿನ ಮೊನೆ ಸೂಜಿಯ ಹಿಂದೆ, ಆ ತಗ್ಗಿನ ಎದುರಿಗೆ ಹಾದು ದಾರದ ಕುಣಿಕೆಯನ್ನು ಹಿಡಿಯುತ್ತದೆ. ಮೊನೆಗೂ ಸೂಜಿಗೂ ನಡುವೆ ಇರಬೇಕಾದ ಜಾಗ ಹೆಚ್ಚೆಂದರೆ ಒಂದು ಬರೆಯುವ ಕಾಗದದ ದಪ್ಪ, ಸುಮಾರು 0.1 ಮಿ.ಮೀ. ಮುಂದಿನ ಎಲ್ಲ ವಿಷಯಕ್ಕೂ ಈ ಕಾಗದದ ದಪ್ಪ ಬೇಕಾಗುತ್ತದೆ.

ಮೊದಲ ಫೋನ್, ಮೊದಲ ತಪ್ಪು

ಜೂನ್ 11ರ ಸಂಜೆ ದೊಡ್ಡ ಅಕ್ಕಾರು ಫೋನ್ ಮಾಡಿದರು. "ಅಣ್ಣಾರ, ಮತ್ತ ಸೂಜಿ ಮುರೀತ್ರೀ. ಈ ವಾರದಾಗ ಇದು ನಾಲ್ಕನೇದು. ದಾರಾನೂ ಹರದು ಹರದು ಎಳಿ ಎಳಿ ಆಗಾಕತ್ತೈತಿ."

"ಟೈಮಿಂಗ್ ಹೋಗಿರಬೇಕ್ರೀ ಅಕ್ಕಾರ. ನಾಳೆ ಬರ್ತೀನಿ" ಅಂದೆ.

ಮರುದಿನ ಮಳೆಯಲ್ಲೇ ಹೋದೆ. ಪ್ಲೇಟ್ ಬಿಚ್ಚಿ ಕೈಯಿಂದ ಗಾಲಿ ತಿರುಗಿಸಿ ನೋಡಿದೆ. ಹುಕ್ಕಿನ ಮೊನೆ ಸೂಜಿಗೆ ಉಜ್ಜುತ್ತಿತ್ತು. ಕಿವಿ ಹತ್ತಿರ ಇಟ್ಟರೆ ಟಿಕ್ ಟಿಕ್ ಅಂತ ಸಣ್ಣ ಸದ್ದು. ಕಾರಣ ಸಿಕ್ಕಿತು ಅಂದುಕೊಂಡೆ. ಹುಕ್ಕಿನ ಮೂರು ಸ್ಕ್ರೂ ಸಡಿಲಿಸಿ, ಕಾಗದ ತೂರುವಷ್ಟು ಜಾಗ ಸಿಗುವವರೆಗೆ ಅದನ್ನು ಹಿಂದಕ್ಕೆ ಸರಿಸಿ ಬಿಗಿ ಮಾಡಿದೆ. ಎರಡು ಪದರದ ಕಾಟನ್ ಮೇಲೆ ಹೊಲಿದು ನೋಡಿದೆ. ಚೆನ್ನಾಗಿ ಬಂತು. ಚಹಾ ಕುಡಿದು ಹುಬ್ಬಳ್ಳಿಗೆ ವಾಪಸ್ಸಾದೆ.

ಹೊರಡುವಾಗ ಶೆಡ್ಡಿನ ಕಿರಿಯ ಹುಡುಗಿ ಒಂದು ನೋಟ್‌ಬುಕ್ ಕೈಯಲ್ಲಿ ಹಿಡಿದು ನಿಂತಿದ್ದಳು. "ಇದನ್ನ ನೋಡ್ತೀರೇನ್ರೀ?" ಅಂತ ಕೇಳಿದಳು. ಬಸ್ಸಿಗೆ ಹೊತ್ತಾಗಿತ್ತು. ಮುಂದಿನ ಸಲ ನೋಡುತ್ತೇನೆ ಅಂದೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ. ಅವತ್ತು ಐದು ನಿಮಿಷ ಕೂತು ನೋಡಿದ್ದರೆ ಇನ್ನು ಮೂರು ಸೂಜಿ, ಅರ್ಧ ಹೊಲಿದ ಒಂದು ಕೌದಿ, ಆರು ಜನರ ಆರು ದಿನದ ದುಡಿಮೆ ಉಳಿಯುತ್ತಿತ್ತು.

ಜೂನ್ 17ಕ್ಕೆ ಮತ್ತೆ ಫೋನ್ ಬಂತು. ಈ ಸಲ ಹೊಲಿಗೆ ತಪ್ಪುತ್ತಿದೆ, ಜೊತೆಗೆ ಸೂಜಿಯೂ ಹೋಗುತ್ತಿದೆ. ಮರುದಿನ ಹೋದವನು ಸ್ಕ್ರೂಡ್ರೈವರ್ ಹೊರಗೆ ತೆಗೆಯಲಿಲ್ಲ. ಮೊದಲು ನೋಟ್‌ಬುಕ್ ಕೇಳಿದೆ.

ನೋಟ್‌ಬುಕ್

ಆ ಹುಡುಗಿ ಹಿಂದೆ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಎರಡು ವರ್ಷ ಕೆಲಸ ಮಾಡಿದವಳು. ರಫ್ತು ಮಾಡುವ ಗಾರ್ಮೆಂಟ್‌ಗಳಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಸೂಜಿ ಮುರಿದರೆ ಅದರ ಎಲ್ಲ ತುಂಡುಗಳನ್ನೂ ಹುಡುಕಿ, ಪುಸ್ತಕದಲ್ಲಿ ಟೇಪ್ ಹಾಕಿ ಅಂಟಿಸಿ, ತಾರೀಖು ಬರೆದ ಮೇಲೆಯೇ ಹೊಸ ಸೂಜಿ ಕೊಡುತ್ತಾರೆ. ಒಂದು ತುಂಡು ಸಿಗದಿದ್ದರೂ ಆ ಬಟ್ಟೆ ಮುಂದೆ ಹೋಗುವ ಹಾಗಿಲ್ಲ. ಮಗುವಿನ ಅಂಗಿಯಲ್ಲಿ ಸೂಜಿಯ ಚೂರು ಉಳಿದರೆ ಏನಾಗುತ್ತದೆ ಅಂತ ಯೋಚಿಸಿದರೆ ಈ ಕಟ್ಟುನಿಟ್ಟು ಎಷ್ಟು ಸರಿ ಅನಿಸುತ್ತದೆ. ಕೌದಿಗೆ ಇದು ಇನ್ನೂ ಜಾಸ್ತಿ ಬೇಕು, ಅಲ್ವಾ? ಕೌದಿಯ ಮೇಲೆ ಮಲಗುವುದು ಬಾಣಂತಿ, ಹಸುಗೂಸು.

ಅವಳು ಯಾರೂ ಹೇಳದಿದ್ದರೂ ಅದೇ ಪದ್ಧತಿ ಇಲ್ಲಿ ಶುರು ಮಾಡಿದ್ದಳು. ಹನ್ನೊಂದು ಸೂಜಿ ಸಾಲಾಗಿ ಅಂಟಿದ್ದವು. ಪ್ರತಿಯೊಂದರ ಪಕ್ಕ ತಾರೀಖು, ಯಾವ ಬಟ್ಟೆ, ಹೊಲಿಗೆ ಯಾವ ಕಡೆ ಹೋಗುವಾಗ ಆಯಿತು, ತುಂಡು ಎಲ್ಲ ಸಿಕ್ಕವೋ ಇಲ್ಲವೋ. ನಾನು ಕಂಡ ರಿಪೇರಿ ದಾಖಲೆಗಳಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ.

ಅಕ್ಕಸಾಲಿಗರು ಕಣ್ಣಿಗೆ ಹಚ್ಚಿಕೊಳ್ಳುವ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ನನ್ನ ಚೀಲದಲ್ಲಿ ಇರುತ್ತದೆ. ಬಾಗಿಲ ಬೆಳಕಿಗೆ ಕೂತು ಒಂದೊಂದೇ ಸೂಜಿ ಬಿಡಿಸಿ ನೋಡಿದೆ. ತುದಿಯನ್ನು ಉಗುರಿನ ಮೇಲೆ ಎಳೆದೆ. ಮೊನೆ ಮಡಚಿದ್ದರೆ ಉಗುರಿನ ಮೇಲೆ ಬಿಳಿ ಗೀರು ಬೀಳುತ್ತದೆ. ಇಡಿಯಾಗಿ ಉಳಿದವನ್ನು ಕನ್ನಡಿಯ ಮೇಲೆ ಉರುಳಿಸಿದೆ. ಈ ಸೂಜಿಗಳ ತಲೆ ಪೂರ್ತಿ ದುಂಡು, ಮನೆಯ ಮಷಿನ್ ಸೂಜಿಯ ಹಾಗೆ ಒಂದು ಕಡೆ ಚಪ್ಪಟೆ ಇಲ್ಲ. ಹಾಗಾಗಿ ಉರುಳಿಸಿ ನೋಡುವುದು ಸುಲಭ. ನೆಟ್ಟಗಿದ್ದರೆ ತುದಿ ಒಂದೇ ಮಟ್ಟದಲ್ಲಿ ಹೋಗುತ್ತದೆ, ಬಗ್ಗಿದ್ದರೆ ಕುಣಿಯುತ್ತದೆ.

ಹನ್ನೊಂದೂ ನೋಡಿ ಮುಗಿಯುವ ಹೊತ್ತಿಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಇದು ಒಂದು ದೋಷ ಅಲ್ಲ. ಒಂದರ ಹಿಂದೆ ಒಂದು ಬಂದ ಮೂರು ದೋಷ.

1ರಿಂದ 4ನೇ ಸೂಜಿ: ಹಲಗಿಯ ಹಾಗೆ ಬಿಗಿದ ಬಟ್ಟೆ

ಮೇ ಕೊನೆಯಿಂದ ಜೂನ್ 6ರವರೆಗಿನ ನಾಲ್ಕು ಸೂಜಿಗಳ ಹಿಂಭಾಗದ ತಗ್ಗು ನುಣ್ಣಗಿತ್ತು. ಒಂದು ಗೀರೂ ಇಲ್ಲ. ಅಂದರೆ ಹುಕ್ ಇವುಗಳನ್ನು ಮುಟ್ಟಿಲ್ಲ. ಎರಡು ಪಕ್ಕಕ್ಕೆ ಬಗ್ಗಿದ್ದವು. ಎರಡರ ಮೊನೆ ಗಾಳದ ಹಾಗೆ ಮಡಚಿತ್ತು. ಅವುಗಳಲ್ಲಿ ನಾಲ್ಕನೆಯದು ನಡುವೆ ಮುರಿದೂ ಇತ್ತು. ಮೊನೆ ಮಡಚಿದೆ ಅಂದರೆ ಅದು ಗಟ್ಟಿ ಲೋಹಕ್ಕೆ ನೇರವಾಗಿ ಬಡಿದಿದೆ. ಪ್ಲೇಟಿನ ತೂತು ನೋಡಿದೆ. ತೂತಿನ ಅಂಚಿನಲ್ಲಿ ಎಡಗಡೆ ಎರಡು ಸಣ್ಣ ಗುಳಿ ಇದ್ದವು. ಸೂಜಿ ಬಗ್ಗಿ ಬಂದು ತೂತಿನ ಬದಲು ಅದರ ಅಂಚಿಗೆ ಇಳಿದಿತ್ತು.

ಯಾಕೆ ಬಗ್ಗಿತು? ಫ್ರೇಮಿನ ಮೇಲಿದ್ದ ಕೌದಿಯನ್ನು ಬೆರಳಿನಿಂದ ತಟ್ಟಿದೆ. ಹೋಳಿಯಲ್ಲಿ ಹುಬ್ಬಳ್ಳಿ ಹುಡುಗರು ಬಾರಿಸುವ ಹಲಗಿಯ ಹಾಗೆ ಸದ್ದು ಬಂತು. ಬಟ್ಟೆ ಬಿಗಿಯಾಗಿದ್ದಷ್ಟೂ ಹೊಲಿಗೆ ಚೆಂದ ಅಂತ ಅವರ ನಂಬಿಕೆ. ಕಸೂತಿಯ ಚೌಕಟ್ಟಿಗೆ ಅದು ನಿಜ. ಲಾಂಗ್‌ಆರ್ಮ್‌ಗೆ ಅಲ್ಲ. ಇಲ್ಲಿ ಬಟ್ಟೆ ಸ್ವಲ್ಪ ಸಡಿಲ ಇದ್ದರೆ ಸೂಜಿಯ ಜೊತೆ ಅದೂ ಒಂದು ಕೂದಲೆಳೆ ಸರಿದು ಕೊಡುತ್ತದೆ. ಬಿಗಿಯಾಗಿದ್ದರೆ ಬಟ್ಟೆ ಜಗ್ಗುವುದಿಲ್ಲ, ಸೂಜಿಯೇ ಬಗ್ಗಬೇಕು. ಅಳತೆ ಸುಲಭ: ಕೆಳಗಿನಿಂದ ಬೆರಳಿನಿಂದ ಒತ್ತಿದರೆ ಮೇಲಿನ ಕೈಗೆ ಆ ಬೆರಳ ತುದಿಯನ್ನು ಬಟ್ಟೆಯ ಸಮೇತ ಹಿಡಿಯಲು ಬರಬೇಕು.

ಎರಡನೆಯದು, ಕೌದಿಯೇ. ಈ ಮಷಿನ್ ಮಾಡಿದವರು ಮೂರು ಪದರ ಲೆಕ್ಕ ಹಾಕಿರುತ್ತಾರೆ. ಮೇಲೊಂದು ಬಟ್ಟೆ, ಕೆಳಗೊಂದು ಬಟ್ಟೆ, ನಡುವೆ ಹಗುರವಾದ ಹತ್ತಿಯ ಹಾಸು. ನಮ್ಮ ಕೌದಿಯಲ್ಲಿ ಹಾಸು ಇಲ್ಲ. ಹಳೆಯ ಸೀರೆ, ಧೋತರ ಪದರ ಪದರವಾಗಿ ಐದೋ ಆರೋ. ಅದರಲ್ಲೂ ಇಳಕಲ್ ಸೀರೆ ಇದ್ದರೆ ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಸೇರಿಸಿದ ಗೆರೆ ಒಂದು ಗಟ್ಟಿ ಹಗ್ಗದ ಹಾಗೆ ಇರುತ್ತದೆ. ದಡಿ, ಅಂದರೆ ಸೀರೆಯ ಅಂಚು, ಒತ್ತಾಗಿ ನೇಯ್ದದ್ದು. ಎರಡು ದಡಿ ಒಂದರ ಮೇಲೊಂದು ಬಂದ ಜಾಗದಲ್ಲಿ ಸೂಜಿಗೆ ದಾರಿಯೇ ಇಲ್ಲ. ನೋಟ್‌ಬುಕ್ಕಿನಲ್ಲಿ ಮೂರು ಸೂಜಿಗಳ ಪಕ್ಕ ಆ ಹುಡುಗಿ "ದಡಿ ಮ್ಯಾಲೆ" ಅಂತ ಬರೆದಿದ್ದಳು.

ಆರು ಜನರಲ್ಲಿ ಒಬ್ಬರು ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಗಳು. ಅವರ ಮನೆತನದ ಕೌದಿಯನ್ನು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಅವರು ಹೇಳಿದ ಮಾತು ನನಗೆ ಬಹಳ ಹಿಡಿಸಿತು. "ಕೈಯಾಗ ಹೊಲಿಯೂ ಮುಂದ ಗಂಟು ಬಂದ್ರ ಬಟ್ಟಿಗೆ ಗೊತ್ತಾಗೂದಿಲ್ಲ, ಬೆರಳಿಗೆ ಗೊತ್ತಾಗ್ತೈತ್ರಿ. ಸೂಜಿ ಒಂಚೂರು ಸರಿಸಿ ಹಾಕ್ತೀವಿ." ಕೈ ಹೊಲಿಗೆಯಲ್ಲಿ ಬೆರಳು ಮಾಡುವ ಈ ಕೆಲಸವನ್ನು ಮಷಿನ್ ಮಾಡುವುದಿಲ್ಲ. ದಡಿ ಬಂದಾಗ ವೇಗ ಇಳಿಸುವ ಕೆಲಸ ನಡೆಸುವವರದೇ.

ಮೂರನೆಯದು, ಸೂಜಿಯ ದಪ್ಪ. ಮಷಿನ್ ಜೊತೆ ಬಂದದ್ದು 16 ನಂಬರ್. ಇದನ್ನೇ 100 ಅಂತಲೂ ಬರೆಯುತ್ತಾರೆ, ಅಂದರೆ ಸೂಜಿಯ ಕಡ್ಡಿ 1 ಮಿ.ಮೀ. ದಪ್ಪ. ಮೂರು ಪದರಕ್ಕೆ ಸಾಕು. ಆರು ಪದರದ ಕೌದಿಗೆ 18 ನಂಬರ್ ಬೇಕು. ಅದು 110, 1.1 ಮಿ.ಮೀ. ಹತ್ತರಲ್ಲಿ ಒಂದು ಭಾಗ ದಪ್ಪ ಅಂದರೆ ಕಡಿಮೆ ಅನಿಸುತ್ತದೆ. ಆದರೆ ದುಂಡು ಕಡ್ಡಿಯ ಬಿಗಿತ ದಪ್ಪದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ. 1.1ನ್ನು ನಾಲ್ಕು ಸಲ ಗುಣಿಸಿ ನೋಡಿ, ಸುಮಾರು 1.46 ಬರುತ್ತದೆ. ಕಾಲುವೆ, ತಗ್ಗು ಎಲ್ಲ ಲೆಕ್ಕ ಹಿಡಿದರೆ ಸ್ವಲ್ಪ ವ್ಯತ್ಯಾಸ ಆದೀತು, ಆದರೂ ಅರ್ಧದಷ್ಟು ಹತ್ತಿರ ಹತ್ತಿರ ಜಾಸ್ತಿ ಗಟ್ಟಿ.

ಇನ್ನೊಂದು ಸಣ್ಣ ಅಭ್ಯಾಸವೂ ಇತ್ತು. ಕೌದಿಯನ್ನು ಮುಂದಕ್ಕೆ ಸುತ್ತುವಾಗ ಸೂಜಿ ಬಟ್ಟೆಯಲ್ಲೇ ಉಳಿದಿರುತ್ತಿತ್ತು. ರೋಲರ್ ತಿರುಗಿಸಿದ ಕೂಡಲೇ ಸೂಜಿ ಬಗ್ಗುತ್ತದೆ. ಒಂದನೇ ಸೂಜಿಯ ಕಥೆ ಇಷ್ಟೇ.

5ರಿಂದ 8ನೇ ಸೂಜಿ: ಹೊರಗಿನಿಂದ ಒಂದೇ ಥರ ಕಂಡ ಪ್ಯಾಕೆಟ್

ಐದನೇ ಸೂಜಿ ಕೈಗೆ ಬಂದಾಗ ಬೇರೆಯೇ ಗುರುತು. ಹಿಂಭಾಗದ ತಗ್ಗಿನಲ್ಲಿ ಹೊಳೆಯುವ ಅಡ್ಡ ಗೀರುಗಳು. ನಾಲ್ಕರಲ್ಲೂ ಅದೇ ಜಾಗ, ಅದೇ ಎತ್ತರ. ಎರಡು ಸರಿಯಾಗಿ ಕಣ್ಣಿನಲ್ಲೇ ಮುರಿದಿದ್ದವು. ಇದು ಹುಕ್ಕಿನ ಮೊನೆಯ ಕೆಲಸ, ಅನುಮಾನವೇ ಇಲ್ಲ. ಆದರೆ ನಾಲ್ಕನೇ ಸೂಜಿಯವರೆಗೆ ಮುಟ್ಟದ ಹುಕ್ ಐದನೇ ಸೂಜಿಯಿಂದ ಯಾಕೆ ಮುಟ್ಟಿತು? ಯಾರೂ ಮಷಿನ್ ಬಿಚ್ಚಿರಲಿಲ್ಲ.

"ಜೂನ್ 7ಕ್ಕ ಏನಾರ ಬದಲಿ ಮಾಡಿದ್ರೇನ್ರೀ?" ಅಂತ ಕೇಳಿದೆ.

"ಏನಿಲ್ರೀ. ಹಳೇ ಸೂಜಿ ತೀರಿದ್ವು. ಹುಬ್ಬಳ್ಳಿಯಿಂದ ಹೊಸಾ ಪ್ಯಾಕೆಟ್ ತರಿಸಿದ್ವಿ. ನೀವ ಹೇಳಿದ್ರೆಲ್ಲಾ, 18 ನಂಬರ್ ದಪ್ಪ ಸೂಜಿ ಹಾಕ್ರಿ ಅಂತ."

ನಿಜ. ದಪ್ಪ ಸೂಜಿ ಹಾಕಿ ಅಂತ ಹೇಳಿದವನು ನಾನೇ. ಯಾವ ಜಾತಿಯ ಸೂಜಿ ಅಂತ ಹೇಳಿರಲಿಲ್ಲ.

ಪ್ಯಾಕೆಟ್ ತರಿಸಿ ನೋಡಿದೆ. 18 ನಂಬರ್ ಸರಿ ಇತ್ತು. ಆದರೆ ಅದರ ಮೇಲೆ ಡಿಬಿ ಇಂಟು 1 ಅಂತ ಇತ್ತು. ಈ ಮಷಿನ್‌ಗೆ ಬೇಕಾದದ್ದು ಡಿಪಿ ಇಂಟು 5. ಇದಕ್ಕೆ 134 ಅಂತಲೂ 135 ಇಂಟು 5 ಅಂತಲೂ ಹೆಸರಿದೆ. ಎರಡೂ ದುಂಡು ತಲೆಯ ಇಂಡಸ್ಟ್ರಿಯಲ್ ಸೂಜಿಗಳೇ. ಉದ್ದ ಹೆಚ್ಚು ಕಡಿಮೆ ಒಂದೇ. ಕಡ್ಡಿಯ ದಪ್ಪ ಒಂದೇ. ಪಕ್ಕದಲ್ಲಿಟ್ಟರೂ ಬರಿಗಣ್ಣಿಗೆ ಬೇಗ ಗೊತ್ತಾಗುವುದಿಲ್ಲ. ವರ್ನಿಯರ್ ಹಚ್ಚಿ ತಲೆಯ ದಪ್ಪ ಅಳೆದೆ. ಹಳೆಯದು 2 ಮಿ.ಮೀ. ಹೊಸದು 1.6 ಮಿ.ಮೀ.

ಅಂಗಡಿಯವರದು ತಪ್ಪಿಲ್ಲ. ನಮ್ಮ ಊರಿನ ಟೇಲರ್‌ಗಳು ಓಡಿಸುವ ಒಂದೇ ಸೂಜಿಯ ಇಂಡಸ್ಟ್ರಿಯಲ್ ಮಷಿನ್‌ಗಳಿಗೆಲ್ಲ ಬೇಕಾದದ್ದು ಡಿಬಿ ಇಂಟು 1. ಇಂಡಸ್ಟ್ರಿಯಲ್ ಸೂಜಿ ಕೊಡಿ ಅಂದರೆ ಯಾರಾದರೂ ಅದನ್ನೇ ಕೊಡುತ್ತಾರೆ.

ಈಗ ಲೆಕ್ಕ ನೋಡಿ. ಸೂಜಿ ಕೂರುವ ರಾಡಿನ ತೂತು 2 ಮಿ.ಮೀ.ಗೆ ಮಾಡಿದ್ದು. ಸೂಜಿಯ ತಲೆ 1.6. ಒಳಗೆ 0.4 ಮಿ.ಮೀ. ಖಾಲಿ ಜಾಗ ಉಳಿಯಿತು. ಈ ಮಷಿನ್‌ನಲ್ಲಿ ಸೂಜಿಯ ಸ್ಕ್ರೂ ಮುಂದಿನಿಂದ ಒತ್ತುತ್ತದೆ. ಒತ್ತಿದಾಗ ಸೂಜಿ ಹೋಗಿ ಹಿಂದಿನ ಗೋಡೆಗೆ ಅಂಟಿಕೊಂಡಿತು. ಸೂಜಿಯ ನಡುಗೆರೆ 0.2 ಮಿ.ಮೀ. ಹಿಂದಕ್ಕೆ ಹೋಯಿತು. ಹಿಂದೆ ಇರುವುದು ಹುಕ್. ಇರಬೇಕಾದ ಜಾಗವೇ 0.1 ಮಿ.ಮೀ. ಉಜ್ಜದೆ ಇನ್ನೇನು ಮಾಡೀತು?

ಮಷಿನನ್ನು ತಮ್ಮ ಕಡೆ ಎಳೆಯುವಾಗ ಮಾತ್ರ ಸೂಜಿ ಮುರಿಯುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಎರಡು ಕಡೆ ಬರೆದಿತ್ತು. ಅದೂ ಸರಿಯಾಗಿ ಹೊಂದಿತು. ಮಷಿನ್ ನಮ್ಮ ಕಡೆ ಬರುವಾಗ ಬಟ್ಟೆಯಲ್ಲಿ ಸಿಕ್ಕಿಕೊಂಡ ಸೂಜಿಯ ತುದಿ ಹಿಂದೆ ಉಳಿಯುತ್ತದೆ, ಅಂದರೆ ಹುಕ್ಕಿನ ಕಡೆಗೆ ಬಗ್ಗುತ್ತದೆ. ಆ ಕಡೆ ತಳ್ಳಿದಾಗ ಸೂಜಿ ಮುಂದಕ್ಕೆ ಬಗ್ಗಿ ಹುಕ್ಕಿನಿಂದ ದೂರ ಹೋಗುತ್ತದೆ.

9ರಿಂದ 11ನೇ ಸೂಜಿ: ನಾನು ಮಾಡಿದ ಕೆಡಕು

ಜೂನ್ 12ರಂದು ನಾನು ಹೋದಾಗ ಮಷಿನ್‌ನಲ್ಲಿ ಇದ್ದದ್ದು ಆ ಸಣ್ಣ ತಲೆಯ ಸೂಜಿ. ಹುಕ್ ಉಜ್ಜುತ್ತಿದೆ ಅಂತ ಹುಕ್ಕನ್ನು 0.2 ಮಿ.ಮೀ. ಹಿಂದಕ್ಕೆ ಸರಿಸಿದೆ. ಸರಿಯಾಗಿದ್ದ ಹುಕ್ಕನ್ನು ತಪ್ಪು ಸೂಜಿಗೆ ಹೊಂದಿಸಿದೆ. ತೆಳು ಬಟ್ಟೆಯ ಮೇಲೆ ಚೆನ್ನಾಗಿ ಹೊಲಿದದ್ದು ಅದಕ್ಕೇ.

ಆರು ಪದರದ ಕೌದಿ ಬಂದಾಗ ಬಣ್ಣ ಬಯಲಾಯಿತು. ಒಂಬತ್ತನೇ ಸೂಜಿಯ ಗೀರು ತಗ್ಗಿನಲ್ಲಿ ಇರಲಿಲ್ಲ, ಪಕ್ಕಕ್ಕೆ ಇತ್ತು. ದೊಡ್ಡ ತೂತಿನಲ್ಲಿ ಸಣ್ಣ ತಲೆಗೆ ಗಟ್ಟಿ ಹಿಡಿತ ಇಲ್ಲ. ದಡಿಗೆ ಬಡಿದು ಸೂಜಿ ಇದ್ದಲ್ಲೇ ತಿರುಗಿತ್ತು. ಹುಕ್ಕಿಗೆ ತಗ್ಗಿನ ಬದಲು ಪಕ್ಕದ ದಪ್ಪ ಭಾಗ ಎದುರಾಯಿತು. ಹತ್ತನೆಯದು ಸಡಿಲಾಗಿ ಕೆಳಕ್ಕೆ ಜಾರಿ ಬಾಬಿನ್ ಕೇಸ್ ಕೂರುವ ಬುಟ್ಟಿಗೆ ಬಡಿದಿತ್ತು. ಮೊನೆ ಪುಡಿ.

ಹನ್ನೊಂದನೆಯದು ನನಗೆ ಹೆಚ್ಚು ಪಾಠ ಹೇಳಿದ ಸೂಜಿ. ಅದರ ತಲೆ 2 ಮಿ.ಮೀ. ಹಳೆಯ ಪ್ಯಾಕೆಟ್ಟಿನ ಕೊನೆಯ ಸೂಜಿ ಡ್ರಾದಲ್ಲಿ ಸಿಕ್ಕಿತ್ತಂತೆ, ಹಾಕಿದ್ದರು. ಸರಿಯಾದ ಸೂಜಿ. ಆದರೆ ಈಗ ಹುಕ್ ದೂರ ಹೋಗಿತ್ತು. ಜಾಗ 0.1ರ ಬದಲು 0.3 ಮಿ.ಮೀ. ಆ ಕಡೆ ತಳ್ಳಿದಾಗಲೆಲ್ಲ ಹುಕ್ಕಿಗೆ ಕುಣಿಕೆ ಸಿಗದೆ ಹೊಲಿಗೆ ತಪ್ಪುತ್ತಿತ್ತು. ಹೊಲಿಗೆ ತಪ್ಪಿದ ಜಾಗಕ್ಕೆ ಮತ್ತೆ ಮತ್ತೆ ಜಗ್ಗಿ ತಂದು ಹೊಲಿದಿದ್ದಾರೆ. ಹಾಗೆ ಜಗ್ಗುವಾಗ ಪ್ಲೇಟಿಗೆ ಬಡಿದು ಮೊನೆ ಮಡಚಿತು. ಮೊದಲ ಹತ್ತು ಸೂಜಿಗಳನ್ನು ನೋಡದೆ ಈ ಒಂದನ್ನೇ ನೋಡಿದ್ದರೆ ಯಾವ ಮೆಕ್ಯಾನಿಕ್ ಆದರೂ ಸೂಜಿ ಸರಿ ಇದೆ, ಟೈಮಿಂಗ್ ಕೆಟ್ಟಿದೆ ಅಂತ ಹೇಳಿ, ಹುಕ್ ಹತ್ತಿರ ತಂದು ಹೋಗುತ್ತಿದ್ದ. ಮರುದಿನ ಅವರು ಸಣ್ಣ ತಲೆಯ ಪ್ಯಾಕೆಟ್ಟಿನಿಂದ ಹೊಸ ಸೂಜಿ ಹಾಕುತ್ತಿದ್ದರು. ಮತ್ತೆ ಟಿಕ್ ಟಿಕ್.

ಇದನ್ನೆಲ್ಲ ಅಲ್ಲೇ ಎಲ್ಲರ ಮುಂದೆ ಹೇಳಿದೆ. ತಪ್ಪು ನನ್ನದು ಅಂತಲೂ ಹೇಳಿದೆ. ದೊಡ್ಡ ಅಕ್ಕಾರು ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಇರ್ಲಿ ಬಿಡ್ರಿ ಅಣ್ಣಾರ, ಈಗ ಸರಿ ಮಾಡ್ರಿ" ಅಂದರು.

ಸರಿ ಮಾಡಿದ ಬಗೆ

ಸಣ್ಣ ತಲೆಯ ಪ್ಯಾಕೆಟ್ ಮೊದಲು ಶೆಡ್ಡಿನಿಂದ ಹೊರಗೆ ಹೋಯಿತು. ಪಕ್ಕದ ಟೇಲರ್‌ಗೆ ಕೊಟ್ಟರು. ಡಿಪಿ ಇಂಟು 5 ಹುಬ್ಬಳ್ಳಿಯಲ್ಲೇ ಸಿಗುತ್ತದೆ. ಎರಡು ಸೂಜಿಯ ಮಷಿನ್‌ಗೆ, ಕಾಜಾ ಮಷಿನ್‌ಗೆ ಇದೇ ಸೂಜಿ ಹಾಕುವುದು. ಹಾಗೆ ಕೇಳಿದರೆ ಅಂಗಡಿಯವರಿಗೆ ತಕ್ಷಣ ತಿಳಿಯುತ್ತದೆ. ಎಲ್ಲ ದಿಕ್ಕಿಗೂ ಹೊಲಿಯುವ ಕೆಲಸಕ್ಕೆ ಅಂತಲೇ ಇದರಲ್ಲಿ ಎಂಆರ್ ಅನ್ನುವ ಬಗೆ ಇದೆ, ಕಡ್ಡಿ ಬಗ್ಗುವುದು ಕಡಿಮೆ. ಅದರಲ್ಲಿ 4.0 ಅಂದರೆ ನಮ್ಮ 18 ನಂಬರ್. ಅದನ್ನು ಬೆಂಗಳೂರಿನಿಂದ ತರಿಸಿದೆವು. ಅವತ್ತಿನ ಮಟ್ಟಿಗೆ ನನ್ನ ಚೀಲದಲ್ಲಿದ್ದ ಸಾದಾ ಡಿಪಿ ಇಂಟು 5 ಹಾಕಿದೆ.

ದುಂಡು ತಲೆಯ ಸೂಜಿ ಹಾಕುವಾಗ ದಿಕ್ಕು ತಪ್ಪುವುದು ಸುಲಭ. ಕಣ್ಣಿನೊಳಗೆ ಒಂದು ಗುಂಡುಪಿನ್ ತೂರಿಸಿದರೆ ಅದು ಗಡಿಯಾರದ ಮುಳ್ಳಿನ ಹಾಗೆ ದಿಕ್ಕು ತೋರಿಸುತ್ತದೆ. ಪಿನ್ ನೇರವಾಗಿ ನಮ್ಮ ಕಡೆ ನೋಡುವ ಹಾಗೆ ತಿರುಗಿಸಿ, ಸೂಜಿಯನ್ನು ಮೇಲಿನ ಗೋಡೆಗೆ ತಾಗುವವರೆಗೆ ಒತ್ತಿ, ಆಮೇಲೆ ಸ್ಕ್ರೂ ಬಿಗಿ ಮಾಡಬೇಕು.

ಆಮೇಲೆ ಹುಕ್. ಕೈಗಾಲಿ ತಿರುಗಿಸಿ ಸೂಜಿಯನ್ನು ಪೂರ್ತಿ ಕೆಳಗೆ ಇಳಿಸಿ, ಅಲ್ಲಿಂದ ಎರಡು ಮಿ.ಮೀ.ಗಿಂತ ಒಂಚೂರು ಜಾಸ್ತಿ ಮೇಲೆ ತಂದೆ. ಆ ಹೊತ್ತಿಗೆ ಹುಕ್ಕಿನ ಮೊನೆ ಸೂಜಿಯ ನಡುಗೆರೆಗೆ, ಕಣ್ಣಿನಿಂದ ಒಂದೂವರೆ ಮಿ.ಮೀ. ಮೇಲೆ ಇರಬೇಕು. ಇತ್ತು. ಟೈಮಿಂಗ್ ಯಾವತ್ತೂ ಹೋಗಿರಲೇ ಇಲ್ಲ. ಕೆಟ್ಟದ್ದು ಹುಕ್ಕಿನ ಹಿಂದೆ ಮುಂದೆ ಜಾಗ ಮಾತ್ರ, ಅದನ್ನು ಕೆಡಿಸಿದವನು ನಾನು. ಮತ್ತೆ ಕಾಗದದ ದಪ್ಪಕ್ಕೆ ತಂದು ಕೂರಿಸಿದೆ. ಬುಟ್ಟಿ ತಿರುಗದಂತೆ ತಡೆಯುವ ಬೆರಳು ಹತ್ತನೇ ಸೂಜಿಯ ಹೊಡೆತಕ್ಕೆ ಸರಿದಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಅದು ಸರಿದಿದ್ದರೆ ಬುಟ್ಟಿಯೇ ತಿರುಗಿ ಸೂಜಿಗೆ ಅಡ್ಡ ಬರುತ್ತದೆ.

ಇಷ್ಟಕ್ಕೆ ಬಿಟ್ಟಿದ್ದರೆ ದಾರ ಹರಿಯುವುದು ನಿಲ್ಲುತ್ತಿರಲಿಲ್ಲ. ಸೂಜಿಗೆ ಆದ ಪೆಟ್ಟು ಸೂಜಿಯ ಜೊತೆ ಹೋಯಿತು, ಲೋಹಕ್ಕೆ ಆದ ಪೆಟ್ಟು ಮಷಿನ್‌ನಲ್ಲೇ ಉಳಿದಿತ್ತು. ಪ್ಲೇಟಿನ ತೂತಿನ ಅಂಚಿನಲ್ಲಿ, ಹುಕ್ಕಿನ ಮೊನೆಯಲ್ಲಿ ಸಣ್ಣ ಮುಳ್ಳುಗಳು ಎದ್ದಿದ್ದವು. ಕಣ್ಣಿಗೆ ಕಾಣುವುದಿಲ್ಲ. ಹಳೆಯ ನೈಲಾನ್ ಕಾಲುಚೀಲ ಸವರಿದರೆ ಸಿಕ್ಕಿ ಹಾಕಿಕೊಳ್ಳುತ್ತದೆ. ಹುಕ್ಕಿನ ಮೊನೆಗೆ 1000 ನಂಬರ್ ಪಾಲಿಶ್ ಪೇಪರ್ ಹಚ್ಚಿ ಮೆಲ್ಲಗೆ ಉಜ್ಜಿದೆ. ಮೊನೆ ಮೊಂಡಾಗಬಾರದು, ಮುಳ್ಳು ಮಾತ್ರ ಹೋಗಬೇಕು. ಪ್ಲೇಟಿನ ತೂತಿಗೆ ಗಟ್ಟಿ ಹತ್ತಿ ದಾರಕ್ಕೆ ಪಾಲಿಶ್ ಪೇಸ್ಟ್ ಹಚ್ಚಿ, ತೂರಿಸಿ, ಆ ಕಡೆ ಈ ಕಡೆ ಎಳೆದೆ. ಈ ಕೆಲಸಕ್ಕೇ ಒಂದು ತಾಸು ಹಿಡಿಯಿತು. ಪುಡಿ ಒರೆಸಿ ಹುಕ್ಕಿಗೆ ಒಂದು ಹನಿ ಎಣ್ಣೆ ಬಿಟ್ಟೆ.

ಪರೀಕ್ಷೆಗೆ ಈ ಸಲ ತೆಳು ಬಟ್ಟೆ ಬೇಡ ಅಂದೆ. ಆರು ಪದರ, ನಡುವೆ ಎರಡು ದಡಿ, ಒಂದು ಕೊಂಡಿಯ ಗೆರೆ ಇಟ್ಟು ಫ್ರೇಮಿಗೆ ಕಟ್ಟಿಸಿದೆ. ಬೆರಳು ಹಿಡಿಯಲು ಬರುವಷ್ಟು ಸಡಿಲ. ಎಂಟು ದಿಕ್ಕಿಗೂ ಗೆರೆ ಎಳೆದು ರಂಗೋಲಿಯ ನಕ್ಷತ್ರದ ಹಾಗೆ ಹೊಲಿಸಿದೆ. ಓಡಿಸಿದ್ದು ನಾನಲ್ಲ, ದಿನಾ ಓಡಿಸುವವರೇ. ನನ್ನ ಕೈ ಅವರ ಕೈ ಬೇರೆ. ಎಂಟೂ ಗೆರೆಯಲ್ಲಿ ಒಂದು ಹೊಲಿಗೆಯೂ ತಪ್ಪಲಿಲ್ಲ. ಸೂಜಿ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದೆವು. ತಗ್ಗು ನುಣ್ಣಗೆ, ಮೊನೆ ಚೂಪು.

ಆಮೇಲಿನ ದಿನಗಳು

ಅವರು ಕೆಲವು ರೂಢಿ ಬದಲಿಸಿದರು. ಸುಮಾರು ಎಂಟು ತಾಸು ಹೊಲಿಗೆ ಆದ ಮೇಲೆ ಸೂಜಿ ಮುರಿಯಲಿ ಬಿಡಲಿ ಬದಲಿಸುತ್ತಾರೆ. ಕೌದಿ ಸುತ್ತುವ ಮೊದಲು ಸೂಜಿ ಮೇಲೆ ಇದೆಯಾ ಅಂತ ಒಬ್ಬರು ಬಾಯಿಬಿಟ್ಟು ಹೇಳುತ್ತಾರೆ. ದಡಿಯನ್ನು ಕತ್ತರಿಸಿ ಕೌದಿಯ ನಾಲ್ಕೂ ಅಂಚಿಗೆ ಮಾತ್ರ ಕೈಯಿಂದ ಹೊಲಿಯುತ್ತಾರೆ. ಅದರಿಂದ ಕೌದಿಯ ಅಂದವೂ ಹೆಚ್ಚಿದೆ, ನನ್ನ ಪ್ರಕಾರ. ಹೊಸ ಪ್ಯಾಕೆಟ್ ಬಂದಾಗ ಹುಡುಗಿ ಹಳೆಯ ಸೂಜಿಯ ತಲೆಯನ್ನೂ ಹೊಸದರ ತಲೆಯನ್ನೂ ಬೆರಳ ನಡುವೆ ಒಟ್ಟಿಗೆ ಉರುಳಿಸಿ ನೋಡುತ್ತಾಳೆ. ದಪ್ಪ ಬೇರೆ ಇದ್ದರೆ ಬೆರಳಿಗೆ ಗೊತ್ತಾಗುತ್ತದೆ, ವರ್ನಿಯರ್ ಬೇಡ.

ಹನ್ನೆರಡನೇ ಸೂಜಿ ಹೋದದ್ದು ಎರಡು ತಿಂಗಳು ಬಿಟ್ಟು, ಆಗಸ್ಟ್‌ನಲ್ಲಿ. ಫೋನ್ ಬಂದಾಗ ನನಗೆ ಎದೆ ಧಸಕ್ ಅಂದಿತು. ಮತ್ತೆ ಏನು ತಪ್ಪು ಮಾಡಿದೆನೋ ಅಂತ. ಹುಡುಗಿ ಮಾತಾಡಿದಳು. "ಮಷಿನ್ ಸರಿ ಐತ್ರಿ ಅಣ್ಣಾರ. ಮೊನಿ ಅಷ್ಟ ಮಡಚೈತಿ. ತಗ್ಗಿನ್ಯಾಗ ಗೀರಿಲ್ಲ, ಪ್ಲೇಟಿಗೂ ಬಡದಿಲ್ಲ. ಬಟ್ಟಿ ಬಿಚ್ಚಿ ನೋಡಿದ್ವಿ. ಹಳೇ ಸೀರಿಗೆ ಲಾಂಡ್ರಿಯವ್ರು ಚೀಟಿ ಹಚ್ಚಿದ್ರಲ್ರೀ, ಅದರ ಸ್ಟೇಪಲ್ ಪಿನ್ ಒಳಗ ಉಳದಿತ್ತು."

ಈಗ ಹಳೆಯ ಸೀರೆ ಬಂದ ತಕ್ಷಣ ಕತ್ತರಿಸುವ ಮೊದಲು ಒಂದು ಅಯಸ್ಕಾಂತ ಸವರುತ್ತಾರೆ. ಮೊನ್ನೆ ಹೋದಾಗ ನೋಟ್‌ಬುಕ್ ನೋಡಿದೆ. ಹನ್ನೆರಡನೇ ಸೂಜಿಯ ಪಕ್ಕದಲ್ಲಿ ಅದೇ ಟೇಪಿನ ಕೆಳಗೆ ಆ ತುಕ್ಕು ಹಿಡಿದ ಸ್ಟೇಪಲ್ ಪಿನ್ನನ್ನೂ ಅಂಟಿಸಿದ್ದಾಳೆ. ಅದರ ಮುಂದೆ ತುಂಡು ಎಲ್ಲ ಸಿಕ್ಕವು ಅಂತ ಬರೆದು ಸಹಿ ಹಾಕಿದ್ದಾಳೆ.